ಮರಳಿನ ಊರಿನಿಂದ ಬಾಡಿಗೆಯ ಮನೆಗೆ

ತಲಕಾಡಿಗೆ ಹೋದವರು ಮರಳನ್ನು ನೋಡುತ್ತಾರೆ, ಮರಳಿನೊಳಗಿನ ದೇವಾಲಯಗಳನ್ನು ನೋಡುತ್ತಾರೆ, ಅಲಮೇಲಮ್ಮನ ಶಾಪದ ಕಥೆಯನ್ನು ಕೇಳುತ್ತಾರೆ, ಹೊಳೆಯಲ್ಲಿ ಮಿಂದು ಹಿಂತಿರುಗುತ್ತಾರೆ. ದೇವಾಲಯಗಳೇನೋ ಮರಳಿನಡಿಯಲ್ಲಿ ಉಳಿದುವು. ಅವುಗಳ ಸುತ್ತ ಮನೆ ಕಟ್ಟಿಕೊಂಡಿದ್ದ ಸಂಸಾರಗಳು ಏನಾದುವೆಂದು ಕೇಳುವವರು ಕಡಮೆ. ಮರಳಿನಲ್ಲಿ ಹೂತರೂ ದೇವರು ಕಾದಿರಬಲ್ಲ, ಐದು ಲಿಂಗಗಳ ದರ್ಶನದ ಪರ್ವಕ್ಕೆ ಭಕ್ತರು ಮರಳು ತೋಡಿ ಅವನನ್ನು ಕಾಣುತ್ತಾರೆ. ಸಂಸಾರಿಗೆ ಹಾಗೆ ಕಾದಿರುವ ಅನುಕೂಲವಿಲ್ಲ. ಅವನು ಹೊಸ್ತಿಲಿಗೆ ಮರಳು ಬರುವ ಮುಂಚೆಯೇ ಪಾತ್ರೆಪದಾರ್ಥಗಳನ್ನು ಕಟ್ಟಿ ಬೇರೆ ಮನೆ ನೋಡಿಕೊಳ್ಳಬೇಕು.

19ನೆಯ ಶತಮಾನದ ಕೊನೆಯಲ್ಲಿ ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಝೆಟಿಯರಿನಲ್ಲಿ ಈ ವಿಷಯವಾಗಿ ನಾಲ್ಕಾರು ಸಾಲುಗಳಿವೆ. ಸುಮಾರು ಒಂದು ಮೈಲಿ ಉದ್ದದ ಮರಳುಗುಡ್ಡಗಳು ಹಳೆಯ ಪಟ್ಟಣವನ್ನು ಮುಚ್ಚಿದ್ದುವು. ನೈಋತ್ಯ ಮಾರುತದ ತಿಂಗಳುಗಳಲ್ಲಿ ಅವು ಮುಂದೆ ಸರಿಯುತ್ತಿದ್ದುವು. ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ ಊರನ್ನು ಮೂರು ದಿಕ್ಕಿನಿಂದ ಒತ್ತುತ್ತಿದ್ದುವು. ಜನ ಮನೆಗಳನ್ನು ಬಿಟ್ಟು ಒಳನಾಡಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತಲೇ ಇರಬೇಕಾಗಿತ್ತು. ವರ್ಷಕ್ಕೆ ಹತ್ತು ಅಡಿ ಎಂದರೆ ಕೇಳುವುದಕ್ಕೆ ಅಲ್ಪ. ಆದರೆ ಅರುವತ್ತು ವರ್ಷ ಬಾಳಿದ ಒಬ್ಬ ಮುದುಕನ ಲೆಕ್ಕದಲ್ಲಿ ಅದು ಆರು ನೂರು ಅಡಿ. ಅವನು ತೊಟ್ಟಿಲಲ್ಲಿದ್ದಾಗ ಊರ ನಡುವೆ ಇದ್ದ ಮನೆ ಅವನ ಮುಪ್ಪಿನಲ್ಲಿ ಮರಳಿನ ಕೆಳಗೆ ಹೋಗಿರಬಹುದು. ಭೂಕಂಪವಾಗಲಿ ಪ್ರವಾಹವಾಗಲಿ ಒಂದೇ ರಾತ್ರಿಯಲ್ಲಿ ಮನುಷ್ಯನನ್ನು ಓಡಿಸುತ್ತದೆ, ಯೋಚನೆಗೆ ಎಡೆಕೊಡುವುದಿಲ್ಲ. ಮರಳು ಹಾಗಲ್ಲ. ಈ ಮಳೆಗಾಲಕ್ಕೋ ಮುಂದಿನ ಮಳೆಗಾಲಕ್ಕೋ, ಅಣ್ಣತಮ್ಮಂದಿರು ಒಟ್ಟಿಗೆ ಹೋಗುವುದೋ ಬೇರೆಬೇರೆಯೋ ಎಂದು ಲೆಕ್ಕ ಹಾಕುವುದಕ್ಕೆ ಅದು ಬೇಕಾದಷ್ಟು ಕಾಲ ಕೊಡುತ್ತದೆ.

ಆದರೆ ಅದೇ ಗೆಝೆಟಿಯರು ಹೇಳುವ ಇನ್ನೊಂದು ಮಾತು ನನಗೆ ಮೊದಲನೆಯದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಇಷ್ಟೆಲ್ಲ ಆದರೂ ತಲಕಾಡಿನ ಜನಸಂಖ್ಯೆ ಕುಗ್ಗಲಿಲ್ಲ, ಹೆಚ್ಚುತ್ತಲೇ ಇತ್ತು! ಕಾರಣ, ಮಾಧವಮಂತ್ರಿ ಅಣೆಕಟ್ಟಿನ ನಾಲೆಯ ಕೆಳಗಿನ ಗದ್ದೆಗಳು. ವಿಜಯನಗರದ ಕಾಲದ್ದೆಂದು ಹೇಳುವ ಆ ಅಣೆಕಟ್ಟಿನಿಂದಲೇ ಹೊಳೆಯ ಪಾತ್ರ ಬರಿದಾಗಿ ಮರಳು ಗಾಳಿಗೆ ಸಿಕ್ಕಿತೆಂದು ವಾದಿಸುವವರೂ ಈಚೆಗೆ ಇದ್ದಾರೆ. ಆ ವಾದ ನಿಜವಾದರೆ, ಊರನ್ನು ಓಡಿಸಿದ ಕಟ್ಟೆಯೇ ಊರನ್ನು ಹಿಡಿದು ನಿಲ್ಲಿಸಿತು ಎಂದಂತಾಯಿತು. ಅದು ಹೇಗಾದರೂ ಇರಲಿ, ಜನ ನಡೆದುಕೊಂಡ ರೀತಿ ಮಾತ್ರ ಸ್ಪಷ್ಟ. ಅವರು ಮರಳಿನಿಂದ ಎಷ್ಟು ದೂರ ಬೇಕೋ ಅಷ್ಟು ಸರಿದರು, ಗದ್ದೆಯಿಂದ ಅದಕ್ಕಿಂತ ಒಂದು ಹೆಜ್ಜೆಯೂ ಆಚೆಗೆ ಹೋಗಲಿಲ್ಲ. ಮನೆ ಬದಲಾಯಿಸುವ ಸಂಸಾರದ ಮೊದಲ ಲೆಕ್ಕ ಇದು. ಹೋಗಬೇಕಾದುದು ಎಲ್ಲಿಗೆ ಎಂಬುದಕ್ಕಿಂತ, ಬಿಡಲಾಗದ್ದು ಯಾವುದು, ಅದರಿಂದ ಎಷ್ಟು ದೂರ ಹೋಗಬಹುದು ಎಂಬುದನ್ನೇ ಮನುಷ್ಯ ಮೊದಲು ಅಳೆಯುತ್ತಾನೆ.

ಈ ಊರಿಗೆ ವಲಸೆ ಹೊಸದೇನಲ್ಲ. ತಲಕಾಡು ರಾಜಧಾನಿಯಾದದ್ದೇ ಒಂದು ವಲಸೆಯಿಂದ. ಸುಮಾರು 5ನೆಯ ಶತಮಾನದಲ್ಲಿ, ಹರಿವರ್ಮನ ಕಾಲದಲ್ಲಿ, ಗಂಗರ ರಾಜಧಾನಿ ಕುವಲಾಲದಿಂದ, ಎಂದರೆ ಈಗಿನ ಕೋಲಾರದಿಂದ, ಕಾವೇರಿಯ ದಡಕ್ಕೆ ಬಂದಿತೆಂದು ಇತಿಹಾಸಕಾರರು ಹೇಳುತ್ತಾರೆ. ಬಂದಮೇಲೂ ಗಂಗರು ತಮ್ಮ ಶಾಸನಗಳಲ್ಲಿ ಕುವಲಾಲಪುರದ ಒಡೆಯರೆಂಬ ಬಿರುದನ್ನು ಬಿಡಲಿಲ್ಲ, ನಂದಗಿರಿನಾಥರೆಂದೂ ಕರೆದುಕೊಂಡರು. ನೂರಾರು ವರ್ಷ ತಲಕಾಡಿನಲ್ಲಿ ಉಂಡವರು ಹೆಸರಿಗೆ ಕೋಲಾರದವರಾಗಿಯೇ ಉಳಿದರು. ನಮ್ಮ ಹಳೆಯ ಮೈಸೂರಿನವರ ಹೆಸರಿನ ಮೊದಲಕ್ಷರಗಳಲ್ಲಿ ಈ ಅಭ್ಯಾಸ ಇಂದಿಗೂ ಜೀವಂತವಾಗಿದೆ. ಡಿ.ವಿ.ಜಿ.ಯವರ ಡಿ ದೇವನಹಳ್ಳಿ, ತೀ.ನಂ.ಶ್ರೀ.ಯವರ ತೀ ತೀರ್ಥಪುರ. ಬಾಳಿದ್ದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ, ಹೆಸರಿನ ಬಾಗಿಲಲ್ಲಿ ಕಾವಲಿಗೆ ನಿಂತದ್ದು ಹಳೆಯ ಊರು. ಶಾಪ ಕೊಟ್ಟಳೆಂಬ ಅಲಮೇಲಮ್ಮನೂ, ಕಥೆಯ ಪ್ರಕಾರ, ತಲಕಾಡಿನವಳಲ್ಲ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿದಾಗ ಮನೆ ಕಳೆದುಕೊಂಡು ಈ ಕಡೆ ಬಂದವಳು. ಜನ ಅವಳ ಒಡವೆಯ ವಿಷಯ ಮಾತಾಡುತ್ತಾರೆ, ನೆಲೆ ತಪ್ಪಿದ ವಿಷಯ ಮಾತಾಡುವುದಿಲ್ಲ.

ಗಂಗರ ಪಟ್ಟಣವನ್ನು ಚೋಳರು ಹಿಡಿದು ರಾಜರಾಜಪುರವೆಂದು ಕರೆದದ್ದು, 1116ರ ಸುಮಾರಿಗೆ ವಿಷ್ಣುವರ್ಧನ ಅದನ್ನು ಗೆದ್ದು ತಲಕಾಡುಗೊಂಡನೆನಿಸಿ ಕೀರ್ತಿನಾರಾಯಣನನ್ನು ನಿಲ್ಲಿಸಿದ್ದು, ಇವೆಲ್ಲ ಶಾಲೆಯ ಪಾಠಗಳು. ನಮಗೆ ಬೇಕಾದ ಕಥೆ ಇನ್ನೂ ಈಚಿನದು. ಒಂದು ಕಾಲಕ್ಕೆ ತಾಲ್ಲೂಕಿನ ಕೇಂದ್ರವಾಗಿದ್ದ ತಲಕಾಡು 19ನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸ್ಥಾನವನ್ನು ತಿರುಮಕೂಡಲು ನರಸೀಪುರಕ್ಕೆ ಬಿಟ್ಟುಕೊಟ್ಟಿತು. ಕಚೇರಿ ಹೋದ ಊರಿನಿಂದ ಓದುಬರಹದವರ ಮನೆಗಳು ಹೋಗದೆ ಇರುವುದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿ ರೈಲು ಬಂದಿತು. ಅದು 1891ರಲ್ಲಿ ನಂಜನಗೂಡಿಗೆ ಮುಂದುವರಿಯಿತು. ತಲಕಾಡು, ನರಸೀಪುರಗಳು ರೈಲಿನ ದಾರಿಗೆ ಸಿಗಲಿಲ್ಲ. ನಂಜನಗೂಡಿನವನು ಬೆಳಿಗ್ಗೆ ಹೊರಟು ಮೈಸೂರಿನಲ್ಲಿ ಕೆಲಸ ಮುಗಿಸಿ ಸಂಜೆಗೆ ಮನೆ ಸೇರಬಹುದಾಗಿತ್ತು. ತಲಕಾಡಿನವನಿಗೆ ಅದೇ ಮೈಸೂರು ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ಅಥವಾ ಒಂದು ರಾತ್ರಿಯ ಪಯಣ. ಹೋಗಿಬರುವುದು ಆಗದ ಮಾತು. ಮಗನನ್ನು ಓದಿಸಬೇಕಾದರೆ ಅಲ್ಲಿಯೇ ಬಿಡಾರ ಹೂಡಬೇಕು. ಇಲ್ಲೊಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲಾರೆ. ಗಂಗರು ಕೋಲಾರದಿಂದ ಕಾವೇರಿಗೆ ಬಂದರಷ್ಟೆ. 1902ರಲ್ಲಿ ತಲಕಾಡಿನ ಕೆಳಗಣ ಶಿವನಸಮುದ್ರದಿಂದ ಕಾವೇರಿಯೇ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿತು. ಹೊಳೆಯ ದೀಪ ಹೊಳೆಯ ದಡದವರಿಗಿಂತ ಮುಂಚೆ ಪೇಟೆಯವರಿಗೆ ಸಿಕ್ಕಿತು.

ಹಾಗಾದರೆ ಮೈಸೂರಿನಲ್ಲಿ ಮನೆ ಎಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕುವವನು ಆ ಕಾಲದ ಮೈಸೂರನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. ಕೋಟೆಯೊಳಗೆ ಇಕ್ಕಟ್ಟಾದ ಓಣಿಗಳಲ್ಲಿ ಮನೆಗಳು ಕಿಕ್ಕಿರಿದಿದ್ದುವು. 1897ರಲ್ಲಿ ಹಳೆಯ ಅರಮನೆಗೆ ಬೆಂಕಿ ಬಿದ್ದಿತು. ಮರುವರ್ಷ ಪ್ಲೇಗು ಕಾಲಿಟ್ಟಿತು. 1903ರಲ್ಲಿ ನಗರ ಸುಧಾರಣೆಗೆಂದೇ ಒಂದು ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಇಂಡಿಯಾದಲ್ಲಿ ಇಂಥವುಗಳ ಪೈಕಿ ಮೊದಮೊದಲಿನವುಗಳಲ್ಲಿ ಇದೂ ಒಂದು. ಕೋಟೆಯೊಳಗಿನ ಮನೆಗಳು ತೆರವಾದುವು, ಜನ ಹೊರಗಿನ ಹೊಸ ಬಡಾವಣೆಗಳಿಗೆ ಹಂಚಿಹೋದರು. ಪೂರ್ಣಯ್ಯನವರ ನಾಲೆಯೆಂದು ಹೆಸರಾಗಿದ್ದ ಕಾಲುವೆಯ ಊರೊಳಗಿನ ಭಾಗವನ್ನು ಮುಚ್ಚಿದ ಜಾಗದಲ್ಲಿ ಸಯ್ಯಾಜಿರಾವ್ ರಸ್ತೆ ಎದ್ದಿತು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು ಎಂಬ ಹೆಸರುಗಳು ಹಳ್ಳಿಯವರ ಬಾಯಿಗೆ ಬಂದುವು. ನಂಜನಗೂಡಿನ ರೈಲು ಚಾಮರಾಜಪುರದಲ್ಲಿ ನಿಲ್ಲುತ್ತದೆ; ಆ ಕಡೆಯ ಸಂಸಾರಗಳಿಗೆ ಆ ಸ್ಟೇಷನ್ನಿನ ಸುತ್ತಲಿನ ಬೀದಿಗಳು ಒಪ್ಪಿಗೆಯಾದುದರಲ್ಲಿ ಆಶ್ಚರ್ಯವಿಲ್ಲ. ಮಕ್ಕಳನ್ನು ಶಾರದಾವಿಲಾಸಕ್ಕೆ ಸೇರಿಸುವವರು ಅದರ ಹತ್ತಿರ, ಮರಿಮಲ್ಲಪ್ಪನವರ ಶಾಲೆಗೆ ಸೇರಿಸುವವರು ಅದರ ಹತ್ತಿರ ಮನೆ ಹುಡುಕಿದರು. ಶಾಲೆ, ರೈಲು, ಕೊಳಾಯಿ, ಈ ಮೂರನ್ನು ನೋಡಿ ಮನೆ ಹಿಡಿಯುವುದು ಬುದ್ಧಿವಂತಿಕೆಯೆನಿಸಿತು.

ಆದರೆ ಈ ಮೂರಕ್ಕಿಂತ ಮೊದಲು ಕೇಳುತ್ತಿದ್ದ, ಬಹಳ ಸಲ ಕೇಳದೆಯೇ ತೀರ್ಮಾನವಾಗಿರುತ್ತಿದ್ದ ಪ್ರಶ್ನೆಯೊಂದಿತ್ತು: ನೆರೆಯವರು ಯಾವ ಜನ? ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಮನೆತನ ಇದಕ್ಕೆ ಒಳ್ಳೆಯ ನಿದರ್ಶನ. ಶ್ರೀನಿವಾಸರು ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. ಅವರ ತಂದೆ ಶ್ರೀರಂಗಪಟ್ಟಣದ ಕಡೆಯ ಅರಕೆರೆಯಲ್ಲಿ ಜಮೀನುಳ್ಳ ಬ್ರಾಹ್ಮಣರು. ಮಕ್ಕಳ ವಿದ್ಯಾಭ್ಯಾಸಕ್ಕಾಗಿಯೇ ಹಳ್ಳಿಯನ್ನು ಬಿಟ್ಟು ಮೈಸೂರಿಗೆ ಬಂದರು. ನೆಲೆಸಿದ್ದು ಕಾಲೇಜು ರಸ್ತೆಯಲ್ಲಿ, ತಮ್ಮವರು ಹೆಚ್ಚಾಗಿದ್ದ ಕಡೆ. ಆದರೆ ಮನೆಯ ಹಿತ್ತಲಿನಾಚೆಗೆ ಬಂಡಿಕೇರಿ, ಕುರುಬರ ಮನೆಗಳು. ಅವರ ಊಟ, ಉಡುಗೆ, ಮಾತು, ಜಗಳ, ದೇವರು ಎಲ್ಲವೂ ಹುಡುಗ ಶ್ರೀನಿವಾಸರಿಗೆ ಬೇರೊಂದು ದೇಶದಂತೆ ಕಂಡವು. ಮುಂದೆ ಪ್ರಸಿದ್ಧರಾದ ಮೇಲೆ ಅವರು, ಪರಸಂಸ್ಕೃತಿಯ ಮೊದಲ ಬೆರಗು ತಮಗೆ ಆದದ್ದು ಆ ಹಿತ್ತಲಿನಾಚೆಯ ಕೇರಿಯಲ್ಲಿ ಎಂದು ಬರೆದುಕೊಂಡರು. ಒಬ್ಬ ಗೃಹಸ್ಥ ಹಿಡಿದ ಮನೆಯ ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಇನ್ನೊಂದಕ್ಕೆ. ತಂದೆ ಮನೆ ಮಾಡಿದ್ದು ಮುಂಬಾಗಿಲಿನ ಬೀದಿಗಾಗಿ. ಮಗನಿಗೆ ಜೀವನದ ವಿದ್ಯೆ ದೊರೆತದ್ದು ಹಿಂಬಾಗಿಲಿನಿಂದ. ಇಷ್ಟು ಹತ್ತಿರವಿದ್ದೂ ಎರಡು ಬೀದಿಗಳು ಅಷ್ಟು ದೂರವಿದ್ದುವು ಎಂಬುದನ್ನು ಮಾತ್ರ ಮರೆಯಬಾರದು. ಅದೇ ಮೈಸೂರಿನ ದಕ್ಷಿಣದಲ್ಲಿ ಆದಿಕರ್ನಾಟಕಪುರವೆಂಬ ಬೇರೆಯೇ ಒಂದು ನೆಲೆ ಇತ್ತು. ಇಂದು ಅದು ಅಶೋಕಪುರಂ. ತಲಕಾಡಿನ ಅಗ್ರಹಾರದಿಂದ ಬಂದವನಿಗೂ ಅದೇ ಊರಿನ ಹೊಲಗೇರಿಯಿಂದ ಬಂದವನಿಗೂ ಮೈಸೂರು ಒಂದೇ ಪಟ್ಟಣವಾಗಿರಲಿಲ್ಲ. ಮನೆ ಹುಡುಕುವುದರಲ್ಲಿ ಒಬ್ಬನಿಗೆ ಹತ್ತು ಬೀದಿಗಳ ಆಯ್ಕೆ. ಇನ್ನೊಬ್ಬನಿಗೆ ಬೀದಿ ಮೊದಲೇ ಗೊತ್ತಾಗಿತ್ತು.

ಬೆಂಗಳೂರಿನಲ್ಲಿ ಇದು ನಕ್ಷೆಯ ಮೇಲೆಯೇ ಬಂದಿತು. ಚಾಮರಾಜಪೇಟೆ 1892ರ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳ ಯೋಜನೆಯೂ ಪ್ಲೇಗಿಗಿಂತ ಮುಂಚಿನದೇ. 1898ರ ಆಗಸ್ಟಿನಲ್ಲಿ ಬಂದ ಪ್ಲೇಗು ಅವುಗಳಿಗೆ ಜನರನ್ನು ಅಟ್ಟಿಕೊಟ್ಟಿತು. ಇಲಿ ಬಿದ್ದ ಪೇಟೆಯ ಮನೆಗೆ ಬೀಗ ಹಾಕಿ ಊರ ಹೊರಗಿನ ಗುಡಿಸಲಲ್ಲಿ ತಿಂಗಳುಗಟ್ಟಲೆ ಕಳೆದ ಜನಕ್ಕೆ ಅಗಲವಾದ ಬೀದಿ, ಮನೆಯ ಸುತ್ತ ಗಾಳಿ, ಚೌಕವಾದ ನಿವೇಶನ ಎಂದರೆ ಪ್ರಾಣದಾನವೇ ಆಗಿತ್ತು. ಈ ಬಡಾವಣೆಗಳನ್ನು ಹೊಗಳಿ ಬರೆದ ಲೇಖನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಹೊಗಳಿಕೆಗೆ ಅವು ತಕ್ಕುವೂ ಹೌದು. ಆದರೆ ಆ ನಕ್ಷೆಗಳಲ್ಲಿ ಜಾತಿ ಜಾತಿಗೂ ಭಾಗಗಳನ್ನು ಬೇರೆ ಬೇರೆ ಗುರುತಿಸಿದ್ದರೆಂಬ ಮಾತನ್ನು ಅಂಥ ಲೇಖನಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. ಮನೆಗಳ ಸಾಲಿನ ಹಿಂದೆ ಒಂದೊಂದು ಸಣ್ಣ ಓಣಿ ಬಿಟ್ಟರು. ಮಲ ಹೊರುವವರು ಮುಂದಿನ ಬೀದಿಗೆ ಕಾಣದಂತೆ ಬಂದು ಹೋಗುವುದಕ್ಕಾಗಿ. ಹಳೆಯ ಬಡಾವಣೆಗಳಲ್ಲಿ ಆ ಓಣಿಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಸ್ಕೂಟರುಗಳನ್ನು ನಿಲ್ಲಿಸುವುದಕ್ಕೆ ಒದಗುತ್ತವೆ. ಆರೋಗ್ಯದ ಹೆಸರಿನಲ್ಲಿ ಕಟ್ಟಿದ ಊರು ಹಳ್ಳಿಯ ಕೇರಿಗಳನ್ನೇ ಗೆರೆ ಎಳೆದು ನೇರ ಮಾಡಿಕೊಂಡಿತು ಎಂದರೆ ಕಠಿನವಾದೀತು, ಆದರೆ ಸುಳ್ಳಾಗದು.

ಹೊಸದಾಗಿ ಬಂದ ಬಾಡಿಗೆದಾರನಿಗೆ ಬಡಾವಣೆಯ ನಿವೇಶನವೆಲ್ಲಿ ಎಟುಕಬೇಕು? ಅವನಿಗೆ ಸಿಕ್ಕಿದ್ದು ವಠಾರ. ಒಂದು ಅಂಗಳ, ಅದರ ಸುತ್ತ ಸಾಲು ಮನೆಗಳು, ಒಂದು ನಲ್ಲಿ, ಕೊನೆಯಲ್ಲಿ ಒಂದೋ ಎರಡೋ ಪಾಯಿಖಾನೆ. ಗಂಡಸು ಮನೆ ನೋಡುವಾಗ ಬಾಡಿಗೆಯನ್ನೂ ಕಚೇರಿಯ ದೂರವನ್ನೂ ನೋಡುತ್ತಾನೆ. ಹೆಂಗಸು ನೋಡುವುದು ನಲ್ಲಿಗೆ ಎಷ್ಟು ಕೊಡ ಸಾಲು ನಿಲ್ಲುತ್ತವೆ, ಅಡಿಗೆಮನೆಗೆ ಬೆಳಕಿದೆಯೆ, ಮೈಲಿಗೆ ಮಡಿಯ ಜಗಳಕ್ಕೆ ಎಡೆಯುಂಟೆ, ರಾತ್ರಿ ಮಗುವನ್ನು ಹೊರಕ್ಕೆ ಕರೆದೊಯ್ಯಲು ಎಷ್ಟು ಹೆಜ್ಜೆ ಎಂಬುದನ್ನು. ಮನೆ ಹಿಡಿಯುವ ಮಾತು ಮಾತ್ರ ಬಹುತೇಕ ಗಂಡಸಿನದೇ. ಮನೆ ಹುಡುಕುವುದು ಎಷ್ಟು ಗಂಭೀರವಾದ ವಿಷಯವೆಂಬುದನ್ನು ಮೈಸೂರಿನ ಆರ್. ಕೆ. ನಾರಾಯಣರು ಬಲ್ಲರು. ಅವರು ಲಕ್ಷ್ಮೀಪುರದಲ್ಲಿ ಬಹುಕಾಲ ಬಾಡಿಗೆಯ ಮನೆಯಲ್ಲಿದ್ದು ಆಮೇಲೆ ಯಾದವಗಿರಿಯಲ್ಲಿ ಸ್ವಂತ ಮನೆ ಕಟ್ಟಿದವರು. 1945ರಲ್ಲಿ ಪ್ರಕಟವಾದ ಅವರ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯ ಅಧ್ಯಾಪಕ, ಹೆಂಡತಿ ಮಗು ಬರುತ್ತಾರೆಂದು ಹಾಸ್ಟೆಲು ಬಿಟ್ಟು ಬಾಡಿಗೆಗೆ ಮನೆ ಹಿಡಿಯುತ್ತಾನೆ, ಮುಂದೆ ಕೊಳ್ಳುವುದಕ್ಕೆಂದು ಇನ್ನೊಂದು ಮನೆ ನೋಡಲು ಹೋದಾಗ ಹೆಂಡತಿ ಅಲ್ಲಿಯ ಕೊಳಕು ಪಾಯಿಖಾನೆಯಲ್ಲಿ ಸಿಕ್ಕಿಕೊಳ್ಳುತ್ತಾಳೆ, ಆಮೇಲೆ ಕಾಯಿಲೆ ಮಲಗುತ್ತಾಳೆ, ಟೈಫಾಯಿಡಿನಿಂದ ತೀರಿಕೊಳ್ಳುತ್ತಾಳೆ. ನಾರಾಯಣರ ಹೆಂಡತಿ 1939ರಲ್ಲಿ ತೀರಿಕೊಂಡದ್ದೂ ಟೈಫಾಯಿಡಿನಿಂದಲೇ. ಮನೆಯ ಹಿಂಭಾಗವನ್ನು ನೋಡದೆ ಮುಂಗಡ ಕೊಡಬಾರದೆಂಬ ಹಿರಿಯರ ಮಾತನ್ನು ಈ ಕಾದಂಬರಿ ಓದಿದವರು ಹಗುರವಾಗಿ ತೆಗೆದುಕೊಳ್ಳಲಾರರು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಬೆಂಗಳೂರು ಬೇರೆಯೇ ಆಯಿತು. ಕಾರ್ಖಾನೆಗಳು ಬಂದುವು, ಸೈನ್ಯ ಬಂದಿತು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷ 7 ಸಾವಿರವಿದ್ದ ಜನ 1951ರಲ್ಲಿ 7 ಲಕ್ಷ 79 ಸಾವಿರಕ್ಕೇರಿದರು. 1948ರಲ್ಲಿ ಜಯನಗರಕ್ಕೆ ರಾಜಾಜಿಯವರು ಅಡಿಗಲ್ಲಿಟ್ಟರು. 1951ರಲ್ಲಿ ಬಾಡಿಗೆ ನಿಯಂತ್ರಣದ ಶಾಸನ, 1961ರಲ್ಲಿ ಅದರ ಜಾಗಕ್ಕೆ ಇನ್ನೊಂದು. ಖಾಲಿಯಾದ ಮನೆಯನ್ನು ಮನೆಯೊಡೆಯ ಸರ್ಕಾರದ ಅಧಿಕಾರಿಗೆ ತಿಳಿಸಬೇಕೆಂದು ಕಾನೂನು. ಕಾನೂನು ಬಾಡಿಗೆಯನ್ನು ಹಿಡಿದಿಟ್ಟಷ್ಟೂ ಮುಂಗಡ ಬೆಳೆಯಿತು. ಬೆಂಗಳೂರಿನ ಹತ್ತು ತಿಂಗಳ ಮುಂಗಡ ದೇಶಕ್ಕೆಲ್ಲ ಗೊತ್ತಾದ ಮಾತಾಯಿತು. ಊರಿನಲ್ಲಿ ಒಂದು ತುಂಡು ಗದ್ದೆ ಅಡವಿಟ್ಟು ಅದನ್ನು ತೆತ್ತವರನ್ನು ನಮ್ಮ ಕಡೆ ಬಲ್ಲೆ. 1999ರ ಹೊಸ ಬಾಡಿಗೆ ಶಾಸನ 2001ರ ಕೊನೆಗೆ ಜಾರಿಗೆ ಬಂದು ಹಳೆಯದನ್ನು ತೆಗೆದುಹಾಕಿತು.

ಈ ಎಲ್ಲ ಶಾಸನಗಳಿಗಿಂತ ಮುಖ್ಯವಾದದ್ದು ಇನ್ನೊಂದು, 1955ರದು. ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರಿದ ಆ ಕೇಂದ್ರ ಶಾಸನದಲ್ಲಿ, ಯಾವ ಪ್ರದೇಶದಲ್ಲೇ ಆಗಲಿ ಮನೆ ಕಟ್ಟಲು, ಪಡೆಯಲು, ವಾಸಮಾಡಲು ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಪಡಿಸುವುದೂ ಅಪರಾಧವೆಂದು ಬರೆದಿದೆ. ಬಡಾವಣೆಯ ನಕ್ಷೆಯ ಮೇಲಿನ ಜಾತಿಯ ಗೆರೆಗಳಿಗೆ ಅಲ್ಲಿಗೆ ಕಾನೂನಿನ ಮಟ್ಟಿಗೆ ಬೆಲೆಯಿಲ್ಲದಂತಾಯಿತು. ಬಾಗಿಲಲ್ಲಿ ಕೇಳುವ ಪ್ರಶ್ನೆ ಮಾತ್ರ ಉಳಿಯಿತು. ಕವಿ ಸಿದ್ಧಲಿಂಗಯ್ಯನವರ ಸಂಸಾರ ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದು ಸೇರಿದ್ದು ಶ್ರೀರಾಮಪುರದ ಕೊಳೆಗೇರಿಯನ್ನು. ಅವರ ‘ಊರುಕೇರಿ’ ಆತ್ಮಕಥೆಯನ್ನು ಓದಿದವರಿಗೆ ಆ ಬೆಂಗಳೂರು ಗೊತ್ತು. ಶ್ರೀರಾಮಪುರವೂ ಮಲ್ಲೇಶ್ವರವೂ ಮಗ್ಗುಲುಮಗ್ಗುಲಿನ ಪ್ರದೇಶಗಳು. ನಡುವೆ ರೈಲ್ವೆ ಹಳಿಯೊಂದಿದೆ, ಅಷ್ಟೆ. ಕಾವೇರಿಯ ದಡದ ಹಳ್ಳಿಯಿಂದ ಬಂದ ಎರಡು ಸಂಸಾರಗಳು ಒಂದೇ ದಿನ ಬೆಂಗಳೂರಿನಲ್ಲಿ ಇಳಿದು, ಒಂದು ಹಳಿಯ ಈ ಕಡೆ, ಇನ್ನೊಂದು ಆ ಕಡೆ ಸೇರಿದ್ದರೆ, ಅದನ್ನು ಆಯ್ಕೆಯೆಂದು ಕರೆಯುವುದಕ್ಕೆ ನನಗೆ ಮನಸ್ಸಾಗುವುದಿಲ್ಲ.

ಇಂದಿನ ಪ್ರಶ್ನೆ ಹೆಚ್ಚು ನಾಜೂಕಾಗಿದೆ. ಫೋನಿನಲ್ಲಿ ಮೊದಲು ಹೆಸರು ಕೇಳುತ್ತಾರೆ. ಹೆಸರು ಸಾಲದಿದ್ದರೆ ಸ್ವಂತ ಊರು ಕೇಳುತ್ತಾರೆ. ಅದೂ ಸಾಲದಿದ್ದರೆ ಊಟದ ವಿಷಯಕ್ಕೆ ಬರುತ್ತಾರೆ. ಕೆಲವರು ಗೇಟಿನ ಮೇಲೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆದು ಕೇಳುವ ಶ್ರಮವನ್ನೂ ಉಳಿಸಿಕೊಳ್ಳುತ್ತಾರೆ. ನಮ್ಮ ಕಾಲೇಜಿನಲ್ಲಿ ಓದಿ ಮುಂದಕ್ಕೆ ಹೋದ ಹುಡುಗರು ರಜದಲ್ಲಿ ಬಂದಾಗ ನಾನು ಕೆಲಸದ ವಿಷಯ ವಿಚಾರಿಸುತ್ತೇನೆ, ಅವರು ಮನೆಯ ವಿಷಯ ಹೇಳುತ್ತಾರೆ. ಮೂರು ಮನೆ ನೋಡಿ ಸಿಕ್ಕಿತು ಎನ್ನುವವನ ಹೆಸರನ್ನೂ ಇಪ್ಪತ್ತು ಮನೆ ನೋಡಿದೆ ಎನ್ನುವವನ ಹೆಸರನ್ನೂ ಮನಸ್ಸಿನಲ್ಲೇ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, 1898ರ ನಕ್ಷೆ ಇನ್ನೂ ಮಡಿಚಿಟ್ಟಿಲ್ಲವೆಂದು ತಿಳಿಯುತ್ತದೆ.

ಎಲ್ಲರೂ ಬೆಂಗಳೂರಿಗೇ ಹೋಗುವುದಿಲ್ಲ. ತಲಕಾಡು, ನರಸೀಪುರದ ಕಡೆಯ ಅನೇಕರು ಮೈಸೂರಿನಲ್ಲಿಯೇ ನಿಲ್ಲುತ್ತಾರೆ. ಅವರು ಮನೆ ಹಿಡಿಯುವ ಜಾಗಗಳನ್ನು ಕೆಲವು ವರ್ಷದಿಂದ ಗಮನಿಸುತ್ತಿದ್ದೇನೆ. ನಂಜನಗೂಡಿನ ಕಡೆಯವರು ಪಟ್ಟಣದ ದಕ್ಷಿಣಕ್ಕೆ, ವಿದ್ಯಾರಣ್ಯಪುರಂ ಶ್ರೀರಾಂಪುರಗಳ ಕಡೆಗೆ ಸೇರಿದರೆ, ಇವರು ಪೂರ್ವಕ್ಕೆ, ನರಸೀಪುರದ ರಸ್ತೆ ಊರಿನಿಂದ ಹೊರಬೀಳುವ ಸಿದ್ಧಾರ್ಥನಗರ, ಆಲನಹಳ್ಳಿಗಳ ಸುತ್ತಮುತ್ತ ಹೆಚ್ಚಾಗಿ ಕಾಣುತ್ತಾರೆ. ಬಾಡಿಗೆ ಅಲ್ಲಿ ಅಗ್ಗವೆಂದಲ್ಲ, ಶಾಲೆಗಳು ಹತ್ತಿರವೆಂದೂ ಅಲ್ಲ. ಊರಿನ ಬಸ್ಸು ಮನೆಯ ಹತ್ತಿರವೇ ಹಾದುಹೋಗುತ್ತದೆ. ನಾಲೆಗೆ ನೀರು ಬಿಟ್ಟರೆಂದು ತಮ್ಮ ಫೋನು ಮಾಡಿದ ದಿನ, ಪಟ್ಟಣದ ನಡುವೆ ಒಂದು ಗಂಟೆ ಕಳೆಯದೆ, ನೇರವಾಗಿ ಗದ್ದೆಗೆ ಹೋಗಿ ಇಳಿಯಬಹುದು.